ಭಾಳ ಉಪಕಾರ ಆತು

ಕೃತಜ್ಞತೆಯನ್ನು ಸೂಚಿಸುವುದಕ್ಕಾಗಿಯೇ ಹುಟ್ಟಿದ ಮಾತನ್ನು, ಅದರ ಮೇಲುಬಣ್ಣ ಕಿಂಚಿತ್ತೂ ಮಾಸದಂತೆ ಕಾಪಾಡಿಕೊಂಡು, ದೂಷಣೆಗೆ ವಿನಿಯೋಗಿಸುವ ಪದ್ಧತಿ ಲೋಕದ ಅನೇಕ ಭಾಷೆಗಳಲ್ಲಿ ಉಂಟು. ಇಂಗ್ಲಿಷಿನ ‘ಥ್ಯಾಂಕ್ಸ್ ಎ ಲಾಟ್’ ಎಂಬುದು ಬೈಗುಳದ ಸ್ಥಾನದಲ್ಲಿ ಎಷ್ಟು ಸಲೀಸಾಗಿ ನಿಲ್ಲಬಲ್ಲುದೆಂದರೆ, ನಿಜವಾಗಿ ಋಣಿಯಾದವನು ಅದನ್ನು ಉಚ್ಚರಿಸುವಾಗ ತನ್ನ ಧ್ವನಿಯ ವಿಷಯದಲ್ಲಿ ತುಸು ಎಚ್ಚರ ವಹಿಸಬೇಕಾಗುತ್ತದೆ. ಆದರೆ ಈ ಪದ್ಧತಿಗೆ ಒಂದು ಕಲೆಯ ಘನತೆಯುಂಟು, ಆದ್ದರಿಂದ ಅದರ ಗುಣದೋಷಗಳನ್ನು ವಿವೇಚಿಸುವುದು ಅನುಚಿತವಲ್ಲ ಎಂಬ ಭಾವನೆ ನನ್ನಲ್ಲಿ ಮೂಡಿದ್ದು ಅನ್ಯಭಾಷೆಯ ಪರಿಚಯದಿಂದಲ್ಲ, ದಾವಣಗೆರೆಯ ಮತ್ತು ಹರಿಹರದ ಆಡುಮಾತಿಗೆ ಕಿವಿಗೊಟ್ಟದ್ದರಿಂದ.

ಈ ಎರಡು ಊರುಗಳ ನುಡಿ ಯಾವ ಒಂದು ಸೀಮೆಗೂ ಪೂರ್ತಿಯಾಗಿ ಸೇರಿದುದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಪರ್ಯಂತ ಹರಿಹರದ ಬಳಿ ತುಂಗಭದ್ರೆಯೇ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ನಡುವಣ ಎಲ್ಲೆಯಾಗಿತ್ತು. ಸೇತುವೆಯ ಆಚೆಗೆ ರಾಣೆಬೆನ್ನೂರಿನ ಕಡೆಯವರು, ಈಚೆಗೆ ಮೈಸೂರಿನ ಪ್ರಜೆಗಳು. ಅಧಿಕಾರಗಳು ಎರಡಾಗಿದ್ದರೂ ಸಂತೆ ಒಂದೇ ಆಗಿತ್ತಾದ್ದರಿಂದ ಮಾತು ಹೊಳೆಯನ್ನು ಲೆಕ್ಕಿಸದೆ ಅತ್ತಿಂದಿತ್ತ ಹರಿದಾಡಿತು. ಮುಂದೆ 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಚಿತ್ರದುರ್ಗದ, ಶಿವಮೊಗ್ಗದ, ಬಳ್ಳಾರಿಯ ತುಣುಕುಗಳು ಬಂದು ಕೂಡಿದುದು, ಭಾಷೆಯ ದೃಷ್ಟಿಯಿಂದ ನೋಡಿದರೆ, ಮೊದಲೇ ಆಗಿಹೋಗಿದ್ದ ಕೂಡಾವಳಿಗೆ ಸರಕಾರ ಒತ್ತಿದ ಮುದ್ರೆ ಮಾತ್ರ. ಇಲ್ಲಿ ‘ಆಯಿತು’ ಎಂಬುದು ‘ಆತು’ ಆಗಿದೆ, ‘ಬಹಳ’ ಎಂಬುದು ‘ಭಾಳ’ ಆಗಿದೆ. ಧಾರವಾಡದ ಗಡಸೂ ಮೈಸೂರಿನ ಸಂಕೋಚವೂ ಒಂದೇ ವಾಕ್ಯದಲ್ಲಿ ಮೈಸೋಕಿಸಿಕೊಂಡು ಕುಳಿತಿವೆ. ವ್ಯಂಗ್ಯಕ್ಕೆ ಈ ಎರಡೂ ಬೇಕು. ಗಡಸು ಇಲ್ಲದೆ ಅದು ಚುಚ್ಚದು, ಸಂಕೋಚವಿಲ್ಲದೆ ಅದು ವ್ಯಂಗ್ಯವೇ ಆಗದೆ ನೇರ ಬೈಗುಳವಾಗಿಬಿಡುತ್ತದೆ.

ಈ ಪ್ರಾಂತದ ಪ್ರತಿನಿಧಿಯೆನ್ನಬಹುದಾದ ವಾಕ್ಯ ‘ಭಾಳ ಉಪಕಾರ ಆತು ಬಿಡಪ’ ಎಂಬುದು. ಅಶೋಕ ಟಾಕೀಸಿನ ಬಳಿಯ ರೈಲ್ವೆ ಗೇಟು ಊರನ್ನು ಎರಡಾಗಿ ಸೀಳಿ, ದಾವಣಗೆರೆಯವರ ತಾಳ್ಮೆಯನ್ನು ಬಹುಕಾಲ ಪರೀಕ್ಷಿಸಿದ ಸ್ಥಳ. ಅಲ್ಲಿಂದ ಹೋದರೆ ಬೇಗ ತಲಪುತ್ತೇವೆಂದು ಭರವಸೆಯಿತ್ತು ಗೆಳೆಯನನ್ನು ಕರೆದೊಯ್ದವನು, ಗೇಟು ಬಿದ್ದು ಒಂದು ಗೂಡ್ಸ್ ಗಾಡಿಯ ಬೆನ್ನಿಗೆ ಮತ್ತೊಂದು ಬರುವುದನ್ನು ನೋಡುತ್ತ ನಿಂತಿರುವಾಗ, ಹಿಂದಿನ ಸೀಟಿನಿಂದ ಕೇಳಿಬರುವ ಮಾತು ಇದೇ. ಮಂಡಿಪೇಟೆಯಲ್ಲಿ ‘ನಿನಗೆ ಅಂತ ಕೊಡ್ತೀನಿ’ ಎಂದು ಹೇಳಿಸಿಕೊಂಡು ಮಾಲು ಕೊಂಡವನು, ಮೂರಂಗಡಿ ಆಚೆಗೆ ಅದೇ ಮಾಲು ಕಡಿಮೆ ಬೆಲೆಗೆ ಸಿಕ್ಕುವುದನ್ನು ಕಂಡು ಹಿಂದಿರುಗಿ ಬಂದು ಹೇಳುವ ಮಾತೂ ಇದೇ. ವಾಕ್ಯದ ರಚನೆಯನ್ನು ಪರೀಕ್ಷಿಸಿದರೆ ಅದರಲ್ಲಿ ಯಾವ ಪದವೂ ಸುಮ್ಮನೆ ಬಂದುದಲ್ಲ. ‘ಭಾಳ’ ಎಂಬುದು ಅಳತೆಯನ್ನು ಹಿಗ್ಗಿಸಿ ಕೇಳುವವನಲ್ಲಿ ಮೊದಲ ಸಂಶಯವನ್ನು ಹುಟ್ಟಿಸುತ್ತದೆ. ‘ಆತು’ ಎಂಬುದು ನಡೆದುಹೋದ ಅನಾಹುತವನ್ನು ನಡೆದುಹೋದುದೆಂದೇ ಒಪ್ಪಿಕೊಂಡು ಅದರ ಮೇಲೆ ಗೆರೆ ಎಳೆಯುತ್ತದೆ. ‘ಬಿಡು’ ಎಂಬುದು ಎದುರಿನವನನ್ನು ಮುಂದಿನ ಉಪಕಾರದ ಹೊಣೆಯಿಂದ ಬಿಡುಗಡೆ ಮಾಡುತ್ತದೆ. ಕಟ್ಟಕಡೆಗೆ ‘ಅಪ’ ಎಂಬ ಪುಟ್ಟ ಪ್ರತ್ಯಯ, ಇಷ್ಟೆಲ್ಲ ಆದಮೇಲೂ ನೀನು ನನ್ನವನೇ ಎಂಬ ಭರವಸೆಯನ್ನು ಕೊಟ್ಟು ಗಾಯವನ್ನು ಒರಸುತ್ತದೆ. ಆಕ್ಷೇಪವನ್ನೂ ಕ್ಷಮೆಯನ್ನೂ ಹೀಗೆ ನಾಲ್ಕು ಮಾತುಗಳಲ್ಲಿ ಅಡಗಿಸಿಟ್ಟ ವಾಕ್ಯ ಶಿಷ್ಟ ಗದ್ಯದಲ್ಲಿಯೂ ಸುಲಭವಾಗಿ ಸಿಕ್ಕತಕ್ಕದ್ದಲ್ಲ.

ಇಲ್ಲಿ ಒಂದು ಸೂಕ್ಷ್ಮವುಂಟು. ಹಿರಿಯರಿಗೆ, ಅಪರಿಚಿತರಿಗೆ ನಿಜವಾದ ಕೃತಜ್ಞತೆಯಿಂದ ಹೇಳುವಾಗ ಅದೇ ವಾಕ್ಯ ‘ಭಾಳ ಉಪಕಾರ ಆತ್ರಿ’ ಎಂದಾಗುತ್ತದೆ. ಆ ‘ರಿ’ಕಾರ ಗೌರವದ ಚಿಹ್ನೆ. ಆದರೆ ನಿತ್ಯವೂ ‘ಲೇ’ ಎಂದು ಕರೆದುಕೊಳ್ಳುವ ಇಬ್ಬರಲ್ಲಿ ಒಬ್ಬನು ಇದ್ದಕ್ಕಿದ್ದಂತೆ ‘ಉಪಕಾರ ಆತ್ರಿ ಸಾಹೇಬ್ರ’ ಎಂದನೆಂದರೆ, ‘ಅಪ’ ಪ್ರತ್ಯಯ ಕೊಟ್ಟಿದ್ದ ಭರವಸೆಯನ್ನು ಆತ ಹಿಂದಕ್ಕೆ ಪಡೆದುಕೊಂಡನೆಂದೇ ತಿಳಿಯತಕ್ಕದ್ದು. ಮರ್ಯಾದೆ ಹೆಚ್ಚಿದಷ್ಟೂ ಸಿಟ್ಟು ಹೆಚ್ಚು. ಬಹುವಚನ ಇಲ್ಲಿ ದೂರದ ಮಾಪಕ.

ಇಂಥ ಮಾತು ನಮ್ಮ ಆಲಂಕಾರಿಕರ ಗಮನಕ್ಕೆ ಬಾರದೆ ಹೋಗಿರಲಿಲ್ಲ. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ, ವಾಚ್ಯಾರ್ಥವು ಸಂಪೂರ್ಣವಾಗಿ ತಿರಸ್ಕೃತವಾಗುವ ಧ್ವನಿಭೇದಕ್ಕೆ ನಿದರ್ಶನವಾಗಿ ಆಯ್ದುಕೊಂಡ ಪದ್ಯ, ಅಪಕಾರ ಮಾಡಿದವನೊಬ್ಬನನ್ನು ಮಹೋಪಕಾರಿಯೆಂದೂ ಸಜ್ಜನನೆಂದೂ ಹೊಗಳಿ ಹರಸುವುದೇ ಆಗಿದೆ. ಕಾಶ್ಮೀರದ ಪಂಡಿತನು ಶಾಸ್ತ್ರಕ್ಕೆ ತಂದುಕೊಂಡುದನ್ನು ಮಂಡಿಪೇಟೆಯ ಹಮಾಲನು ಶಾಸ್ತ್ರದ ಹಂಗಿಲ್ಲದೆ ನಿತ್ಯವೂ ಪ್ರಯೋಗಿಸುತ್ತಿದ್ದಾನೆ. ಅದರಲ್ಲಿಯೂ ‘ಉಪಕಾರ’ ಎಂಬ ಮಾತೇ ಇಬ್ಬರ ಕೈಗೂ ಒದಗಿದೆ. ಮಮ್ಮಟನಿಗೂ ಹಿಂದಿನ ದಂಡಿ ವ್ಯಾಜಸ್ತುತಿಯೆಂಬ ಅಲಂಕಾರವನ್ನು ಹೇಳಿದ್ದಾನೆ. ನಮ್ಮ ಹರಿದಾಸರು ಇದರ ಹಾದಿಯಲ್ಲಿ ನಡೆದು, ಮೇಲೆ ನಿಂದೆ ಒಳಗೆ ಸ್ತುತಿಯಾದ ನಿಂದಾಸ್ತುತಿಯನ್ನು ಒಂದು ಪ್ರಕಾರವಾಗಿಯೇ ಬೆಳೆಸಿದರು. ನಾವು ಈಗ ನೋಡುತ್ತಿರುವುದು ಅದನ್ನು ಮಗುಚಿ ಹಾಕಿದ ರೂಪ. ಹರಿಹರದಲ್ಲಿ ನಿಂತು ಇದನ್ನು ಯೋಚಿಸುವವರಿಗೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1223ರ ಸುಮಾರಿಗೆ ಕಟ್ಟಿಸಿದ ದೇಗುಲದ ಅರ್ಧನಾರಾಯಣ ಅರ್ಧಶಿವ ಮೂರ್ತಿಯನ್ನೇ ಈ ಎರಡರ್ಥದ ಮಾತಿಗೆ ಉಪಮಾನವಾಗಿ ತರುವ ಆಸೆಯಾದೀತು. ನಾನು ಆ ಆಸೆಯನ್ನು ನಿಗ್ರಹಿಸಿದ್ದೇನೆ. ಹರಿಹರೇಶ್ವರನಲ್ಲಿ ಎರಡು ಅರ್ಧಗಳೂ ನಿಜ, ಎರಡೂ ಪೂಜ್ಯ. ವ್ಯಂಗ್ಯದ ವಂದನೆಯಲ್ಲಿ ಒಂದರ್ಧ ಬರಿಯ ವೇಷ.

ಆ ವೇಷ ಇಷ್ಟು ಸುಲಭವಾಗಿ ಗುರುತಿಗೆ ಸಿಕ್ಕುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ನನಗೆ ತೋರುವ ಉತ್ತರವಿದು: ನಮ್ಮ ಜನ ನಿಜವಾದ ಕೃತಜ್ಞತೆಯನ್ನು ಮಾತಿಗೆ ಒಪ್ಪಿಸಿಕೊಟ್ಟವರೇ ಅಲ್ಲ. ತಾಯಿ ಬಡಿಸಿದ ರೊಟ್ಟಿಗೆ ಮಗನು ಧನ್ಯವಾದ ಹೇಳುವುದಿಲ್ಲ. ಹೇಳಿದರೆ ಆಕೆ ಅವನ ಹಣೆ ಮುಟ್ಟಿ ನೋಡುತ್ತಾಳೆ. ನೆರೆಯವನು ಮದುವೆಯ ಚಪ್ಪರಕ್ಕೆ ಹೆಗಲು ಕೊಟ್ಟರೆ ಅದಕ್ಕೆ ಪ್ರತಿಯಾಗಿ ಸಲ್ಲತಕ್ಕದ್ದು ಅವನ ಮನೆಯ ಚಪ್ಪರಕ್ಕೆ ಕೊಡುವ ಹೆಗಲೇ ಹೊರತು ಶಬ್ದವಲ್ಲ. ಅದಕ್ಕೂ ಮೀರಿದ ಉಪಕಾರವಾದಾಗ ಹೊರಡುವ ಮಾತು ವಂದನೆಯಾಗಿರದೆ ಹರಕೆಯಾಗಿರುತ್ತದೆ: ‘ನಿನ್ನ ಮಕ್ಕಳು ಮರಿ ಚೆನ್ನಾಗಿರ್ಲಿ’, ‘ನಿನ್ನ ಹೊಟ್ಟಿ ತಣ್ಣಗಿರ್ಲಿ’. ಆತ್ಮೀಯರ ನಡುವೆ ಧನ್ಯವಾದದ ನೆಲೆ ಖಾಲಿಯಾಗಿರುವುದರಿಂದ, ಅಲ್ಲಿ ಅದು ಕಾಣಿಸಿಕೊಂಡ ಕೂಡಲೆ ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಇಂಗ್ಲಿಷಿನಂಥ ನುಡಿಯಲ್ಲಿ ದಿನಕ್ಕೆ ಹತ್ತಾರು ಬಾರಿ ಹೇಳಲ್ಪಡುವ ವಂದನೆಯೊಂದು ವ್ಯಂಗ್ಯವಾಗಬೇಕಾದರೆ ಧ್ವನಿಯನ್ನು ತಿರುಚಬೇಕು, ಹುಬ್ಬನ್ನು ಏರಿಸಬೇಕು. ದಾವಣಗೆರೆಯಲ್ಲಿ ಗೆಳೆಯನಿಗೆ ಸುಮ್ಮನೆ ‘ಧನ್ಯವಾದಗಳು’ ಎಂದರೆ ಸಾಕು, ಕೆಲಸ ಮುಗಿಯಿತು. ಮುಖವನ್ನು ಕಲ್ಲಿನಂತೆ ಇಟ್ಟುಕೊಂಡು, ಸ್ವರವನ್ನು ಒಂದೆಳೆಯೂ ಏರಿಸದೆ ವ್ಯಂಗ್ಯವಾಡುವ ಸೌಕರ್ಯ ನಮಗೆ ದೊರೆತಿರುವುದು ಈ ಮೌನದ ದೆಸೆಯಿಂದ.

ಹರಕೆಗೂ ಈ ಗತಿ ತಪ್ಪಿದ್ದಲ್ಲ. ‘ಹೊಟ್ಟಿ ತಣ್ಣಗಿರ್ಲಿ’ ಎಂಬ, ಬಾಯಾರಿದವನು ನೀರು ಕೊಟ್ಟವರಿಗೆ ಹೇಳುವ ಮಾತಿಗಿಂತ ನಿರ್ಮಲವಾದದ್ದು ನಮ್ಮಲ್ಲಿ ಬೇರೆ ಇಲ್ಲ. ಅದರ ಕ್ರಿಯಾರೂಪವನ್ನು ಒಂದು ಚೂರು ಕದಲಿಸಿ ‘ಈಗ ಹೊಟ್ಟಿ ತಣ್ಣಗಾತೇನು?’ ಎಂದು ಕೇಳಿ ನೋಡಿ. ಪರರ ಕೇಡಿನಿಂದಲ್ಲದೆ ತಣಿಯದ ಹೊಟ್ಟೆ ನಿನ್ನದು ಎಂಬ ಘೋರ ಆರೋಪ ಸಿದ್ಧವಾಯಿತು. ಹಾರೈಕೆ ಪ್ರಶ್ನೆಯಾದಾಗ ಶಾಪಕ್ಕಿಂತ ಕಹಿಯಾಗುವ ಈ ಪರಿವರ್ತನೆಯಲ್ಲಿ ‘ಉಪಕಾರ ಆತು ಬಿಡಪ’ ಎಂಬುದರ ಮಾರ್ದವವಿಲ್ಲ. ಅದನ್ನು ಜಗಳದ ವ್ಯಾಕರಣಕ್ಕೆ ಬಿಟ್ಟು ಮುಂದೆ ಹೋಗುವುದು ಯುಕ್ತ.

‘ನಮಸ್ಕಾರ’ದ ಕಥೆ ಬೇರೆ. ಅದು ಬಂದವರನ್ನು ಎದುರುಗೊಳ್ಳುವ ಮಾತು, ಋಣವನ್ನು ಒಪ್ಪಿಕೊಳ್ಳುವ ಮಾತೂ ಹೌದು. ಆದರೆ ‘ಆ ಕೆಲಸಕ್ಕೆ ನಮಸ್ಕಾರ ಹೇಳಿದೆ’ ಎಂದರೆ ಕೆಲಸ ಬಿಟ್ಟೆನೆಂದು ಅರ್ಥ. ‘ನಿನಗೊಂದು ದೊಡ್ಡ ನಮಸ್ಕಾರ ಮಾರಾಯ’ ಎಂದರೆ ನಿನ್ನ ಸಹವಾಸ ಸಾಕೆಂದು ಅರ್ಥ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ, 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಂದ ಹೆಸರು ಪಡೆದ ಹರಿಹರದಲ್ಲಿ, ಪಾಳಿಯ ಕೆಲಸಕ್ಕೆ ನಮಸ್ಕಾರ ಹೇಳುವುದು ಮತ್ತು ಪಾಳಿಯ ಕೆಲಸವೇ ತನಗೆ ನಮಸ್ಕಾರ ಹೇಳುವುದು ಎರಡೂ ಜನಕ್ಕೆ ಪರಿಚಿತವಾದ ಅನುಭವಗಳು. ಗಿರಣಿಗಳ ಸೈರನ್ನು ನಿಂತು, ಊರು ಬೆಣ್ಣೆದೋಸೆಗೂ ಕಾಲೇಜುಗಳಿಗೂ ಪ್ರಸಿದ್ಧವಾದ ಮೇಲೆ ಕೂಡ ಆ ನುಡಿಗಟ್ಟು ಸವೆಯಲಿಲ್ಲ. ಕೈ ಮುಗಿಯುವ ಭಂಗಿಯಲ್ಲಿಯೇ ಎರಡು ಅಭಿಪ್ರಾಯಗಳಿಗೆ ಎಡೆಯುಂಟೆಂಬುದು ಅದರ ಬಾಳಿಕೆಗೆ ಕಾರಣವಿರಬೇಕು: ಮುಗಿದ ಕೈ ಶರಣಾಗತಿಯನ್ನು ಸೂಚಿಸುತ್ತದೆ, ಆದರೆ ಆ ಕೈಯಿಂದ ಇನ್ನು ಯಾವ ಕೆಲಸವೂ ಆಗದೆಂಬುದನ್ನೂ ಸೂಚಿಸುತ್ತದೆ. ವ್ಯಂಗ್ಯವೆಂದು ಅದನ್ನು ಕರೆಯಲು ನನಗೆ ಸ್ವಲ್ಪ ಹಿಂಜರಿಕೆ. ನೊಂದವನ ಸಭ್ಯತೆ ಎನ್ನುವುದು ಮೇಲು.

ಈಗ ಸಭೆಯ ವಂದನಾರ್ಪಣೆಗೆ ಬರೋಣ. ವಿಡಂಬನೆಗೆ ಇಷ್ಟು ಫಲವತ್ತಾದ ನೆಲ ಬೇರೊಂದಿಲ್ಲ. ಗಣ್ಯರ ಭಾಷಣಗಳು ಮುಗಿದು, ಸಭಿಕರಲ್ಲಿ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿರುವಾಗ, ಒಬ್ಬ ನಿರಪರಾಧಿ ಒಂದು ಚೀಟಿ ಹಿಡಿದು ಬಂದು ಅಧ್ಯಕ್ಷರಿಂದ ತೊಡಗಿ ಶಾಮಿಯಾನದವರ, ಧ್ವನಿವರ್ಧಕದವರ, ಪತ್ರಿಕಾ ಮಿತ್ರರ ಪರ್ಯಂತ ಎಲ್ಲರಿಗೂ ‘ತುಂಬು ಹೃದಯದ ಧನ್ಯವಾದ’ಗಳನ್ನು ಹಂಚಿ, ಕೊನೆಯಲ್ಲಿ ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ’ ಎಂದು ಒಂದು ದೊಡ್ಡ ಬಲೆ ಬೀಸುತ್ತಾನೆ. ಈ ಭಾಷೆ ಯಾರ ಹೃದಯದಿಂದಲೂ ಬರುವುದಿಲ್ಲವೆಂಬುದು ಸರ್ವವಿದಿತ. ಆದರೂ ಅದಿಲ್ಲದೆ ಸಭೆ ಮುಗಿಯತಕ್ಕದ್ದಲ್ಲ. ಹೀಗೆ ಟೊಳ್ಳಾದ ಮಾತನ್ನು ಹುಡುಗರು ಎತ್ತಿಕೊಂಡು ಅದಕ್ಕೆ ಬೇರೆ ಜೀವ ಕೊಟ್ಟಿದ್ದಾರೆ. ಪರೀಕ್ಷೆಯಲ್ಲಿ ನಪಾಸಾದವನು ಚಹದಂಗಡಿಯ ಮುಂದೆ ಗೆಳೆಯರ ಮಧ್ಯೆ ನಿಂತು, ಗಂಟಲು ಸರಿಪಡಿಸಿಕೊಂಡು, ‘ನನ್ನನ್ನ ಈ ಸ್ಥಿತಿಗೆ ತರೋದಕ್ಕೆ ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ’ ಎಂದು ಆರಂಭಿಸಿದರೆ, ಅಲ್ಲಿ ಮೂರು ಗುರಿಗಳು ಒಟ್ಟಿಗೆ ಬೀಳುತ್ತವೆ: ಓದಲು ಬಿಡದ ಗೆಳೆಯರು, ತನ್ನನ್ನು ತಾನೇ ಕೆಡಿಸಿಕೊಂಡ ವಕ್ತೃ, ಮತ್ತು ಸಭೆ ಸಮಾರಂಭಗಳ ಆ ಸತ್ತ ಗದ್ಯ. ನಾನು ಕೇಳಿದ ವ್ಯಂಗ್ಯವಂದನೆಗಳಲ್ಲಿ ಸರ್ವಶ್ರೇಷ್ಠವಾದದ್ದು ಇದು. ಹೇಳುವವನು ತನ್ನನ್ನೂ ಗುರಿಯೊಳಗೆ ಸೇರಿಸಿಕೊಂಡಿದ್ದಾನೆ. ಆ ಕಾರಣದಿಂದಲೇ ಯಾರಿಗೂ ನೋವಿಲ್ಲದೆ ಎಲ್ಲರಿಗೂ ತಾಗುತ್ತದೆ.

ಇಂಥ ಮಾತು ಬರಹದಲ್ಲಿ ಏಕೆ ನಿಲ್ಲುವುದಿಲ್ಲವೆಂಬುದೂ ಯೋಚಿಸತಕ್ಕ ವಿಷಯ. 1913ರಲ್ಲಿ ಇಲ್ಲಿಗೆ ಸಮೀಪದ ಹರಪನಹಳ್ಳಿಯಲ್ಲಿ ಜನಿಸಿದ ಬೀಚಿಯವರು ನಗೆಯನ್ನು ಅಚ್ಚಿನಲ್ಲಿ ಕಟ್ಟಿಹಾಕುವುದರಲ್ಲಿ ನಿಪುಣರಾಗಿದ್ದರು. ಆದರೆ ಅವರ ಬಲ ಬಹುಮಟ್ಟಿಗೆ ಪದವನ್ನು ಒಡೆದು ತಿರುಗಿಸುವುದರಲ್ಲಿ, ಕೊನೆಯ ಸಾಲಿನಲ್ಲಿ ಕಾಲು ಕೊಟ್ಟು ಬೀಳಿಸುವುದರಲ್ಲಿ ಇತ್ತು. ವ್ಯಂಗ್ಯದ ವಂದನೆಯಲ್ಲಿ ಪದ ಒಡೆಯುವುದಿಲ್ಲ, ತಿರುಗುವುದೂ ಇಲ್ಲ. ಅದು ಇದ್ದಂತೆಯೇ ಇದ್ದು ಸಂದರ್ಭ ಮಾತ್ರ ಅದರ ಕೆಳಗಿನಿಂದ ಸರಿದುಹೋಗುತ್ತದೆ. ನಿಘಂಟು ಅದನ್ನು ಹಿಡಿಯಲಾರದು, ಆಶ್ಚರ್ಯಚಿಹ್ನೆ ಅದನ್ನು ಕೆಡಿಸುತ್ತದೆ. ಅದಕ್ಕೆ ಸಲ್ಲುವ ಮನೆ ರಂಗಭೂಮಿ. ಚಿಂದೋಡಿ ಲೀಲಾ ಅವರಂಥ ನಟಿಯನ್ನು ಕೊಟ್ಟ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿನಲ್ಲಿ ಇದು ಹೇಳಬೇಕಾದ ಮಾತೇ ಅಲ್ಲ. ಕಂಪನಿ ನಾಟಕದ ಹಾಸ್ಯಗಾರನು ಯಜಮಾನನಿಂದ ಏಟು ತಿಂದು, ಪ್ರೇಕ್ಷಕರ ಕಡೆ ತಿರುಗಿ, ಒಂದು ಕ್ಷಣ ತಡೆದು, ಕೈಮುಗಿದು ‘ಉಪಕಾರ ಆತು ಧಣೀ’ ಎನ್ನುವಲ್ಲಿ ಆ ತಡೆದ ಕ್ಷಣವೇ ಸರ್ವಸ್ವ.

ಇನ್ನು ಕೆಲವು ರೂಪಗಳನ್ನು ಸಂಕ್ಷೇಪವಾಗಿ ಹೇಳಬಹುದು. ಉರ್ದು ಮನೆಮಾತಿನ ಜನ ಹೆಚ್ಚಾಗಿರುವ ಈ ಊರುಗಳಲ್ಲಿ ‘ಮೆಹರ್ಬಾನಿ’ ಕನ್ನಡದ ಬಾಯಿಗೆ ಬಂದು, ‘ಏನ್ ಮೆಹರ್ಬಾನಿ ಮಾಡ್ದೋರಂಗೆ ಕೊಟ್ಟ’ ಎಂಬಲ್ಲಿ, ಕೊಡಲೇಬೇಕಾದುದನ್ನು ದಾನವೆಂಬಂತೆ ಕೊಡುವವನ ಡೌಲನ್ನು ಹೆಸರಿಸುತ್ತದೆ. ಮೂಲಭಾಷೆಯಲ್ಲಿ ಅದಕ್ಕಿರುವ ನಯವೆಲ್ಲ ಈ ದಾಟುವಿಕೆಯಲ್ಲಿ ನಷ್ಟವಾಯಿತಾದರೂ, ಅಷ್ಟು ನಿಖರವಾದ ಆಪಾದನೆ ಅಚ್ಚಗನ್ನಡದಲ್ಲಿ ಒಂದೇ ಪದದಿಂದ ಸಾಧ್ಯವೆಂದು ತೋರದು. ‘ಥ್ಯಾಂಕ್ಸ್’ ಎಂಬುದರ ವಿಷಯದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. 1951ರಲ್ಲಿ ಸ್ಥಾಪಿತವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮೊದಲಾದವುಗಳಿಂದ ದಾವಣಗೆರೆಗೆ ನಾನಾ ಪ್ರಾಂತಗಳ ತರುಣರು ಬಂದು, ‘ಥ್ಯಾಂಕ್ಸ್ ಮಗಾ’ ಎಂಬುದು ಎಲ್ಲರಿಗೂ ಸುಲಭವಾಗಿ ದಕ್ಕುವ ನಾಣ್ಯವಾಗಿ ಚಲಾವಣೆಗೊಂಡಿದೆ. ಆದರೆ ಅದರ ವ್ಯಂಗ್ಯ ಇರುವುದೆಲ್ಲ ಸ್ವರವನ್ನು ಎಳೆಯುವುದರಲ್ಲಿ. ಎಳೆಯದಿದ್ದರೆ ಅದು ಸಪ್ಪೆ, ಎಳೆದರೆ ಮಕ್ಕಳಾಟಿಕೆ. ‘ಪುಣ್ಯಾತ್ಮ’, ‘ಮಹಾನುಭಾವ’ ಮೊದಲಾದ ಸಂಬೋಧನೆಗಳಿಗಾದರೋ ಮತ್ತೊಂದು ಬಗೆಯ ಅವಸ್ಥೆ ಒದಗಿದೆ. ಅವುಗಳನ್ನು ವ್ಯಂಗ್ಯವಾಗಿ ಎಷ್ಟು ಬಳಸಿದ್ದೇವೆಂದರೆ ನೇರವಾದ ಅರ್ಥವೇ ಹಿಂದೆ ಸರಿದು, ನಿಜವಾದ ಪುಣ್ಯಾತ್ಮನೊಬ್ಬನು ಸಿಕ್ಕಿದರೆ ಅವನನ್ನು ಕರೆಯಲು ಮಾತಿಲ್ಲದಂತಾಗಿದೆ. ‘ಮಂಗಳಾರತಿ ಮಾಡಿಸಿಕೊಂಡೆ’, ‘ಸಹಸ್ರನಾಮಾರ್ಚನೆ ಆತು’ ಎಂದರೆ ಬೈಸಿಕೊಂಡೆನೆಂದು ಎಲ್ಲರೂ ನೇರವಾಗಿಯೇ ತಿಳಿಯುತ್ತಾರೆ. ಅಲ್ಲಿ ಈಗ ಒಗಟೂ ಇಲ್ಲ, ಬಿಡಿಸುವ ಸುಖವೂ ಇಲ್ಲ. ‘ಉಪಕಾರ’ಕ್ಕೆ ಆ ಗತಿ ಬಾರದಿರುವುದು, ಅದನ್ನು ಇಂದಿಗೂ ಕಣ್ಣಲ್ಲಿ ನೀರು ತಂದುಕೊಂಡು ಹೇಳುವ ಜನ ಇರುವುದರಿಂದ. ಆಸ್ಪತ್ರೆಯ ಬಾಗಿಲಲ್ಲಿ ರಕ್ತ ಕೊಟ್ಟವನ ಕೈಹಿಡಿದು ಹಳ್ಳಿಯ ಮುದುಕನೊಬ್ಬನು ‘ಭಾಳ ಉಪಕಾರ ಆತಪ’ ಎನ್ನುವ ತನಕ, ರೈಲ್ವೆ ಗೇಟಿನ ಮುಂದಿನ ಅದೇ ಮಾತಿಗೆ ಕಸುವು ಉಂಟು. ಮುದುಕನ ಮಾತು ನಿಂತುಹೋದ ದಿನ ಗೇಟಿನ ಮುಂದಿನ ಮಾತೂ ಸಪ್ಪೆಯಾಗುತ್ತದೆ.

ದೋಷಗಳನ್ನು ಹೇಳದಿದ್ದರೆ ವಿಮರ್ಶೆ ವಕಾಲತ್ತಾಗುತ್ತದೆ. ಈ ಮಾತಿಗೆ ಒಂದು ಇಳಿಜಾರು ಉಂಟು: ಸಮಾನರ ನಡುವೆ ಅದು ಆಟ, ಕೆಳಗಿನಿಂದ ಮೇಲಕ್ಕೆ ಹೋದಾಗ ಅದು ಬಲಹೀನನ ಏಕೈಕ ಆಯುಧ, ಮೇಲಿನಿಂದ ಕೆಳಕ್ಕೆ ಬಂದಾಗ ಅದು ಕೇವಲ ಕ್ರೌರ್ಯ. ಲೋಟ ಒಡೆದ ಹೋಟೆಲಿನ ಮಾಣಿಗೆ, ಕಡತವನ್ನು ತಡಮಾಡಿ ತಂದ ಜವಾನನಿಗೆ, ಲೆಕ್ಕ ತಪ್ಪಿದ ವಿದ್ಯಾರ್ಥಿಗೆ ಮೇಲಿನವರು ‘ದೊಡ್ಡ ಉಪಕಾರ ಮಾಡಿದಿರಿ, ನಿಮಗೊಂದು ಶಾಲು ಹೊದಿಸಬೇಕು’ ಎನ್ನುವಾಗ ಸುತ್ತಲಿನವರು ನಗುತ್ತಾರೆ; ನಗದಿದ್ದರೆ ಮುಂದಿನ ಶಾಲು ತಮಗೇ ಬರುವುದೆಂಬ ಭಯವೂ ಆ ನಗೆಯಲ್ಲಿ ಬೆರೆತಿರುತ್ತದೆ. ನೇರವಾಗಿ ಬೈದರೆ ಬೈಸಿಕೊಂಡವನು ತನ್ನ ಪಕ್ಷವನ್ನು ಹೇಳಿಕೊಳ್ಳಬಹುದು. ಹೊಗಳಿಕೆಯ ವೇಷದ ನಿಂದೆಗೆ ಅವನು ಏನೆಂದು ಉತ್ತರ ಕೊಡಬೇಕು? ಅದರ ಸೊಗಸೆಲ್ಲ ಉತ್ತರಕ್ಕೆ ಎಡೆಯಿರುವಲ್ಲಿ ಮಾತ್ರ.

ಆ ಉತ್ತರವಾದರೂ ಈ ಕಲೆಯ ಉತ್ತರಾರ್ಧ, ನನ್ನ ಮತದಲ್ಲಿ ಪೂರ್ವಾರ್ಧಕ್ಕಿಂತ ಕಠಿಣ. ಅಪ್ರಬುದ್ಧನಾದವನು ‘ಯಾಕಪ, ನಾನೇನು ಮಾಡ್ದೆ?’ ಎಂದು ವಾದಕ್ಕಿಳಿದು ಸೋಲುತ್ತಾನೆ. ಅಳ್ಳೆದೆಯವನು ನಗುತ್ತ ತಲೆ ತಗ್ಗಿಸುತ್ತಾನೆ. ಪಳಗಿದವನಾದರೋ ವ್ಯಂಗ್ಯವನ್ನು ಗುರುತಿಸಿಯೂ ಗುರುತಿಸದವನಂತೆ, ವಾಚ್ಯಾರ್ಥವನ್ನೇ ಭದ್ರವಾಗಿ ಹಿಡಿದುಕೊಂಡು, ಆ ವಂದನೆಯನ್ನು ಸಕಲ ಮರ್ಯಾದೆಯೊಡನೆ ಸ್ವೀಕರಿಸುತ್ತಾನೆ: ‘ಅಯ್ಯ, ಅದ್ರಾಗೇನೈತಿ, ನಿನಗಲ್ದೆ ಇನ್ಯಾರಿಗೆ ಮಾಡ್ಲಿ? ನಾಳೆನೂ ಇದೇ ಹಾದೀಲೆ ಹೋಗಾಣ.’ ಮಮ್ಮಟನು ತಿರಸ್ಕೃತವೆಂದು ಹೇಳಿದ ವಾಚ್ಯಾರ್ಥ ಹೀಗೆ ಎದ್ದು ಕುಳಿತಾಗ ಮೊದಲು ಮಾತಾಡಿದವನು ಪೇಚಿಗೆ ಸಿಕ್ಕುತ್ತಾನೆ. ವ್ಯಂಗ್ಯವನ್ನು ಬಿಡಿಸಿ ಹೇಳಿದರೆ ಆಟ ಸೋತಂತೆ. ಸುಮ್ಮನಿದ್ದರೆ ನಾಳೆ ಮತ್ತೆ ಆ ಗೇಟಿನ ಮುಂದೆ ನಿಲ್ಲಬೇಕು.